ಮೂಲವ್ಯಾಧಿಯ ಹೆಸರಿನಲ್ಲಿ ಅಡಗಿದ ರೋಗ

ಅರಸೀಕೆರೆಯಿಂದ ಹಾಸನದ ಕಡೆಗೆ ಹೊರಟ ಬಸ್ಸು ಸ್ವಲ್ಪ ಹೊತ್ತಿಗೆಲ್ಲ ಹಾರನಹಳ್ಳಿಯಲ್ಲಿ ನಿಲ್ಲುತ್ತದೆ. ಇಳಿಯುವವರಲ್ಲಿ ಊರಿನವರೇ ಹೆಚ್ಚು. ಬೇಲೂರು, ಹಳೇಬೀಡು ನೋಡಲು ಬರುವ ಪ್ರವಾಸಿಗಳು ಇತ್ತ ತಿರುಗುವುದು ಕಡಿಮೆ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸಹೋದರರು ಕ್ರಿ.ಶ. 1235ರ ಸುಮಾರಿನಲ್ಲಿ ಕಟ್ಟಿಸಿದ ಎರಡು ಹೊಯ್ಸಳ ದೇವಾಲಯಗಳು ಇಲ್ಲಿವೆ. ಒಂದು ಹರಿಗೆ, ಒಂದು ಹರನಿಗೆ. ಗೋಡೆಯ ಮೇಲಿನ ಶಿಲ್ಪಗಳನ್ನು ನಿಧಾನವಾಗಿ ನೋಡುವ ವ್ಯವಧಾನವಿದ್ದವರಿಗೆ ಒಂದು ಬೆಳಗ್ಗೆ ಸಾಲದು.

ಆದರೆ ನಮ್ಮ ರಸ್ತೆಗಳಲ್ಲಿ ದೇವಾಲಯದ ಗೋಡೆಗಿಂತ ಮೊದಲು ಕಣ್ಣಿಗೆ ಬೀಳುವ ಗೋಡೆಗಳು ಬೇರೆಯೇ ಇವೆ. ಈ ಸೀಮೆಯ ಮಾತಷ್ಟೇ ಅಲ್ಲ, ಬೀದರದಿಂದ ಚಾಮರಾಜನಗರದವರೆಗೆ ಯಾವ ದಾರಿಯಲ್ಲಿ ಹೋದರೂ ಸೇತುವೆಯ ಕಟ್ಟೆ, ಪಾಳುಬಿದ್ದ ಮನೆ, ರೈಲ್ವೆ ಕಾಂಪೌಂಡು, ಎಲ್ಲೆಂದರಲ್ಲಿ ನೀಲಿ ಕೆಂಪು ಬಣ್ಣದಲ್ಲಿ ಒಂದೇ ಒಕ್ಕಣೆ: ಮೂಲವ್ಯಾಧಿ, ಭಗಂದರ, ಫಿಶರ್, ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ. ಕೆಳಗೆ ಒಂದು ಫೋನ್ ನಂಬರು. ನಾವು ಬಾಯಿಬಿಟ್ಟು ಹೇಳಲು ಹಿಂಜರಿಯುವ ಕಾಯಿಲೆಯೊಂದರ ಹೆಸರು ನಮ್ಮ ನಾಡಿನ ಗೋಡೆಗಳ ಮೇಲೆ ಇಷ್ಟು ದೊಡ್ಡದಾಗಿ ಬರೆದಿರುವುದು ಸೋಜಿಗ.

ಆ ಗೋಡೆಬರಹ ಹೇಳದೆ ಬಿಟ್ಟ ಒಂದು ರೋಗದ ಚರಿತ್ರೆ ಇಲ್ಲಿದೆ. ಗುದದ್ವಾರದ ಕ್ಯಾನ್ಸರ್ ಎಂದು ಅದರ ಹೆಸರು. ಭಾನುವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಓದುವ ಪುಟದಲ್ಲಿ ಇದು ಬೇಕೆ ಎಂದು ನಮ್ಮ ಕಚೇರಿಯಲ್ಲಿಯೇ ಕೇಳಿದವರಿದ್ದಾರೆ. ಈ ರೋಗದ ಚರಿತ್ರೆಯಲ್ಲಿ ಅರ್ಧಪಾಲು ಇದೇ ಸಂಕೋಚದ ಚರಿತ್ರೆಯಾದ್ದರಿಂದ ಆ ಪ್ರಶ್ನೆಯನ್ನೂ ಇಲ್ಲಿ ದಾಖಲಿಸಿದ್ದೇನೆ.

ಹಾರನಹಳ್ಳಿಯಲ್ಲಿ ಕಲ್ಲುಕುಟಿಗರ ಉಳಿಯ ಸದ್ದು ಕೇಳುತ್ತಿದ್ದ ಕಾಲಕ್ಕೇ ಹೋಗೋಣ. ಆಗ ಅಲ್ಲಿ ಒಬ್ಬನಿಗೆ ಮಲದ ಜೊತೆ ರಕ್ತ ಬೀಳುತ್ತಿತ್ತು ಎಂದುಕೊಳ್ಳಿ. ಆತ ಯಾರ ಬಳಿ ಹೋಗುತ್ತಿದ್ದ, ಏನು ಕೇಳಿಸಿಕೊಳ್ಳುತ್ತಿದ್ದ? ಊಹಿಸುವುದು ಕಷ್ಟವಲ್ಲ. ಆ ಹೊತ್ತಿಗೆ ಕನ್ನಡ ನಾಡಿನಲ್ಲಿ ವೈದ್ಯಗ್ರಂಥಗಳಿಗೆ ಕೊರತೆ ಇರಲಿಲ್ಲ. ಜೈನ ಮುನಿ ಉಗ್ರಾದಿತ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವನ್ನು ಬರೆದು ಕೆಲವು ಶತಮಾನಗಳೇ ಕಳೆದಿದ್ದವು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲಿಯೇ ರಚಿಸಿದ್ದ. ಸುಶ್ರುತ, ಚರಕ, ವಾಗ್ಭಟರ ಮಾತು ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿ ಬರುತ್ತಿತ್ತು. ರಕ್ತ ಬೀಳುತ್ತದೆ ಎಂದ ರೋಗಿಗೆ ವೈದ್ಯ ಹೇಳುತ್ತಿದ್ದ ಹೆಸರು ಅರ್ಶಸ್ಸು. ಜನರ ಬಾಯಲ್ಲಿ ಅದು ಮೊಳೆರೋಗ, ಮೂಲವ್ಯಾಧಿ.

ಆ ವೈದ್ಯರನ್ನು ನಾವು ಹಗುರವಾಗಿ ಕಾಣಬಾರದು. ಸುಶ್ರುತಸಂಹಿತೆ ಅರ್ಶಸ್ಸಿಗೆ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಬಗೆಯ ಚಿಕಿತ್ಸೆ ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಚಿಕಿತ್ಸೆಗೆ ಮುನ್ನ ನೋಡಬೇಕು ಎನ್ನುತ್ತದೆ. ನೋಡಲು ಹಸುವಿನ ಕೆಚ್ಚಲಿನ ಮೊಲೆಯ ಆಕಾರದ, ನಾಲ್ಕಂಗುಲ ಉದ್ದದ ಒಂದು ನಳಿಕೆಯನ್ನು ಅದು ವರ್ಣಿಸುತ್ತದೆ. ಅರ್ಶೋಯಂತ್ರ ಎಂದು ಅದರ ಹೆಸರು. ಗಂಡಸರಿಗೆ ಇಷ್ಟು ಸುತ್ತಳತೆ, ಹೆಂಗಸರಿಗೆ ಇಷ್ಟು ಎಂಬ ಲೆಕ್ಕವೂ ಅಲ್ಲಿದೆ. ಇಂದು ಯಾವುದೇ ಶಸ್ತ್ರಚಿಕಿತ್ಸಕರ ಮೇಜಿನ ಮೇಲೆ ಕಾಣುವ ಪ್ರಾಕ್ಟೋಸ್ಕೋಪನ್ನು ಇದರ ಪಕ್ಕದಲ್ಲಿಟ್ಟರೆ ಇಬ್ಬರೂ ಒಂದೇ ವಂಶದವರು ಎಂದು ತಿಳಿಯುತ್ತದೆ.

ಇನ್ನೂ ಒಂದು ಕುತೂಹಲದ ಸಂಗತಿ ಇದೆ. ಅರ್ಶಸ್ಸಿನ ಅಧ್ಯಾಯದಲ್ಲಿಯೇ ಸುಶ್ರುತ ಜನನಾಂಗದ ಮೇಲೆ, ಹೊಕ್ಕುಳಲ್ಲಿ, ಚರ್ಮದಲ್ಲಿ ಮೊಳೆಯುವ ಮಾಂಸಾಂಕುರಗಳನ್ನೂ ಸೇರಿಸುತ್ತಾನೆ. ಚರ್ಮದ ಮೇಲಿನದಕ್ಕೆ ಚರ್ಮಕೀಲ ಎಂಬ ಹೆಸರು ಕೊಡುತ್ತಾನೆ; ನಮ್ಮ ಹಳ್ಳಿಯ ಮಾತಿನಲ್ಲಿ ನರಹುಲಿ. ನರಹುಲಿಯನ್ನೂ ಗುದದ್ವಾರದ ರೋಗವನ್ನೂ ಒಂದೇ ಕಡೆ ಇಟ್ಟದ್ದು ಹೊರನೋಟದ ಹೋಲಿಕೆಯಿಂದ. ಆದರೆ ಈ ಜೋಡಿಯ ಮಾತು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ದಾರಿಯಿಂದ ಮತ್ತೆ ಬರಲಿದೆ. ಮುಂದೆ ನೋಡೋಣ.

ಕ್ಯಾನ್ಸರಿಗೆ ಸಮೀಪವಾದ ಪದ ಅದೇ ಗ್ರಂಥದಲ್ಲಿ ಬೇರೆ ಕಡೆ ಇದೆ: ಅರ್ಬುದ. ನಿಧಾನವಾಗಿ ಬೆಳೆಯುವ, ಆಳಕ್ಕೆ ಬೇರು ಬಿಟ್ಟ, ಕೀವಾಗದ, ದೊಡ್ಡ ಮಾಂಸದ ಗಂಟು ಎಂಬುದು ಅದರ ಲಕ್ಷಣ. ಆದರೆ ಕಣ್ಣಿಗೆ ಕಾಣದ ಆ ಇಕ್ಕಟ್ಟಿನ ಜಾಗದಲ್ಲಿ ಅರ್ಬುದ ಹುಟ್ಟಿದರೆ ಅದು ಅರ್ಶಸ್ಸಿನ ಲೆಕ್ಕಕ್ಕೇ ಸೇರಿಬಿಡುವ ಸಂಭವ ಹೆಚ್ಚು. ಅರ್ಶಸ್ಸಿನಲ್ಲಿ ಗುಣವಾಗದ ಬಗೆಗಳೂ ಉಂಟು ಎಂದು ಹಳೆಯ ವೈದ್ಯರು ಎಚ್ಚರಿಸಿದ್ದಾರೆ. ಹಾಗೆ ಕೈಬಿಟ್ಟ ರೋಗಿಗಳಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಇದ್ದದ್ದು ಮೂಲವ್ಯಾಧಿ?

ಮನೆಮದ್ದಿನ ಮಾತೂ ಬರಲಿ. ಮಜ್ಜಿಗೆಯನ್ನು ಚರಕ ಈ ರೋಗಕ್ಕೆ ಬಹಳವಾಗಿ ಹೊಗಳಿದ್ದಾನೆ. ಸುವರ್ಣಗೆಡ್ಡೆಗೆ ಸಂಸ್ಕೃತದಲ್ಲಿ ಅರ್ಶೋಘ್ನ, ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು, ಎಂದೇ ಹೆಸರು. ನಾರಿರುವ ಊಟ, ಧಾರಾಳ ಮಜ್ಜಿಗೆ, ಮಲಬದ್ಧತೆ ಆಗದಂತೆ ನೋಡಿಕೊಳ್ಳುವುದು ಇವೆಲ್ಲ ನಿಜವಾದ ಮೂಲವ್ಯಾಧಿಗೆ ಇಂದಿನ ವೈದ್ಯರೂ ಹೇಳುವ ಮಾತೇ. ತೊಂದರೆ ಇರುವುದು ಮಜ್ಜಿಗೆಯಲ್ಲಿ ಅಲ್ಲ, ಇದು ಮೂಲವ್ಯಾಧಿಯೇ ಎಂದು ನೋಡದೆ ನಿರ್ಧರಿಸುವುದರಲ್ಲಿ.

ನಮ್ಮ ದೊಡ್ಡಮ್ಮ ಇದೇ ಸೀಮೆಯವರು. ಅವರಿಗೆ ಎರಡು ವರ್ಷ ರಕ್ತ ಬೀಳುತ್ತಿತ್ತು. ಮೊದಲು 'ಉಷ್ಣ' ಎಂದುಕೊಂಡರು. ಎಳನೀರು, ಮೆಂತ್ಯ, ಹರಳೆಣ್ಣೆ ಆಯಿತು. ದೊಡ್ಡಪ್ಪನಿಗೆ ಹೇಳಲಿಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ತಂಗಿಗೆ ಮಾತ್ರ ಹೇಳಿದರು. ಇಬ್ಬರೂ ಜಾತ್ರೆಗೆಂದು ಹೊರಟು ಗೋಡೆಬರಹದ ಒಂದು ಕ್ಲಿನಿಕ್ಕಿಗೆ ಹೋಗಿ ಬಂದರು. ಪುಡಿ ಕೊಟ್ಟರು, ಆಮೇಲೆ ಇಂಜೆಕ್ಷನ್ ಕೊಟ್ಟರು, ದುಡ್ಡು ತೆಗೆದುಕೊಂಡರು. ಎರಡು ವರ್ಷದಲ್ಲಿ ಒಬ್ಬರಾದರೂ ಪರೀಕ್ಷೆ ಮಾಡಿ ನೋಡಲಿಲ್ಲ, ಅವರೂ ನೋಡಿ ಎಂದು ಕೇಳಲಿಲ್ಲ. ಕೊನೆಗೆ ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡು ನಡೆಯುವುದೇ ಕಷ್ಟವಾದಾಗ ವಿಷಯ ಮನೆಗೆ ತಿಳಿಯಿತು. ಹಾಸನದಲ್ಲಿ ಪರೀಕ್ಷೆ ಮಾಡಿದ ಡಾಕ್ಟರಿಗೆ ಐದು ನಿಮಿಷವೂ ಬೇಕಾಗಲಿಲ್ಲವಂತೆ.

ಈ ರೋಗ ಎಲ್ಲಿ, ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಕರುಳಿನ ಕೊನೆಯ ಭಾಗ ಮಲಾಶಯ. ಅಲ್ಲಿಂದ ಹೊರಬಾಯಿಯವರೆಗೆ ಇರುವ ಮೂರು ನಾಲ್ಕು ಸೆಂಟಿಮೀಟರ್ ಹಾದಿಯೇ ಗುದದ್ವಾರ. ಮೇಲಿನ ಮಲಾಶಯದ ಒಳಪೊರೆ ಕರುಳಿನ ಜಾತಿಯದು. ಕೆಳಗಿನ ಹಾದಿಯ ಪೊರೆ ಚರ್ಮದ ಜಾತಿಯದು. ಎರಡೂ ಸೇರುವಲ್ಲಿ ಹಲ್ಲಿನ ಸಾಲಿನಂಥ ಒಂದು ಗೆರೆ ಇದೆ. ಗೆರೆಯ ಮೇಲೆ ಹುಟ್ಟುವ ಕ್ಯಾನ್ಸರೂ ಕೆಳಗೆ ಹುಟ್ಟುವ ಕ್ಯಾನ್ಸರೂ ನೆರೆಹೊರೆಯವರಾದರೂ ಬೇರೆ ಬೇರೆ ರೋಗಗಳು. ಕಾರಣ ಬೇರೆ, ಚಿಕಿತ್ಸೆಯೂ ಬೇರೆ. ನಮ್ಮ ದೇಶದಲ್ಲಿ ಮಲಾಶಯದ ಕ್ಯಾನ್ಸರೇ ಹೆಚ್ಚು, ಗುದದ್ವಾರದ್ದು ವಿರಳ. ವಿರಳವಾದ್ದರಿಂದಲೇ ಅದನ್ನು ಯಾರೂ ಮೊದಲಿಗೆ ನೆನೆಯುವುದಿಲ್ಲ.

ಮೂಲವ್ಯಾಧಿ ಎಂಬುದು ಊದಿದ ರಕ್ತನಾಳಗಳ ಮೆತ್ತೆ. ಅದು ಕ್ಯಾನ್ಸರಾಗಿ ತಿರುಗುವುದಿಲ್ಲ. 'ಬಿಟ್ಟರೆ ಕ್ಯಾನ್ಸರ್ ಆಗುತ್ತದೆ' ಎಂದು ಹೆದರಿಸಿ ದುಡ್ಡು ಮಾಡುವವರೂ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಅಪಾಯ ಇರುವುದು ಎರಡರ ಲಕ್ಷಣಗಳೂ ಒಂದೇ ಆಗಿರುವುದರಲ್ಲಿ: ರಕ್ತ, ತುರಿಕೆ, ನೋವು, ಏನೋ ಗಂಟು ಇದ್ದಂತೆ ಅನಿಸುವುದು. ಮೂಲವ್ಯಾಧಿ ಸಾವಿರಾರು ಜನರಿಗೆ ಇರುವುದರಿಂದ ಅಪರೂಪದ ಈ ರೋಗ ಅದರ ಗುಂಪಿನಲ್ಲಿ ತಲೆಮರೆಸಿಕೊಂಡು ಹೋಗುತ್ತದೆ.

ಯೂರೋಪಿನವರ ಕಥೆಯೂ ಬಹುಕಾಲ ಹೀಗೆಯೇ ಇತ್ತು. ಹಾರನಹಳ್ಳಿಯ ದೇವಾಲಯಗಳು ಎದ್ದು ಸುಮಾರು ನೂರನಲವತ್ತು ವರ್ಷಗಳ ಮೇಲೆ, 1376ರಲ್ಲಿ, ಜಾನ್ ಆರ್ಡರ್ನ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಭಗಂದರದ ಮೇಲೆ ಒಂದು ಗ್ರಂಥ ಬರೆದ. ಅದರಲ್ಲಿ ಮಲದ್ವಾರದೊಳಗೆ ಬೆಳೆಯುವ ಗಟ್ಟಿ ಗಡ್ಡೆಯೊಂದರ ವಿವರ ಇದೆ. ತಿಳಿಯದ ವೈದ್ಯರು ಅದನ್ನು ಆಮಶಂಕೆ ಎಂದು ತಪ್ಪು ತಿಳಿಯುತ್ತಾರೆ, ಬೆರಳು ಹಾಕಿ ನೋಡಿದರೆ ಕಲ್ಲಿನಂತೆ ಸಿಗುತ್ತದೆ, ಇದರಿಂದ ಗುಣವಾದವರನ್ನು ತಾನು ಕಂಡೂ ಇಲ್ಲ ಕೇಳಿಯೂ ಇಲ್ಲ ಎಂಬುದು ಅವನ ಮಾತಿನ ಸಾರ. ಗುಣಪಡಿಸಲಾರದ ರೋಗವನ್ನು ಗುಣಪಡಿಸಲಾರೆ ಎಂದು ಬರೆದಿಟ್ಟ ಈ ಪ್ರಾಮಾಣಿಕತೆ ನಮ್ಮ ಗೋಡೆಬರಹಗಳನ್ನು ಓದಿ ಬೆಳೆದವರಿಗೆ ಹೊಸದಾಗಿ ಕಾಣುತ್ತದೆ.

1835ರಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ಶಸ್ತ್ರವೈದ್ಯ ಲಂಡನ್ನಿನಲ್ಲಿ ಈ ಭಾಗದ ರೋಗಗಳಿಗೇ ಮೀಸಲಾದ, ಬಡವರ ಒಂದು ಪುಟ್ಟ ಚಿಕಿತ್ಸಾಲಯ ತೆರೆದ. ಮುಂದೆ ಅದೇ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಾಯಿತು. 1908ರಲ್ಲಿ ಅರ್ನೆಸ್ಟ್ ಮೈಲ್ಸ್ ದೊಡ್ಡ ಶಸ್ತ್ರಚಿಕಿತ್ಸೆಯೊಂದನ್ನು ಪ್ರಕಟಿಸಿದ. ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಕೊಯ್ದು ಮಲಾಶಯ, ಗುದದ್ವಾರ ಎರಡನ್ನೂ ಪೂರ್ತಿ ತೆಗೆದುಹಾಕುವುದು. ಹೊಟ್ಟೆಯ ಮೇಲೆ ಕರುಳಿಗೆ ಹೊಸ ಬಾಯಿ ಮಾಡಿ ಅಲ್ಲಿಗೆ ಚೀಲ ಕಟ್ಟುವುದು. ಜೀವ ಉಳಿಯುತ್ತಿತ್ತು, ಆದರೆ ಜೀವನಪೂರ್ತಿ ಚೀಲ ಉಳಿಯುತ್ತಿತ್ತು. ಗುದದ್ವಾರದ ಕ್ಯಾನ್ಸರಿಗೂ ಹಲವು ದಶಕಗಳ ಕಾಲ ಇದೇ ಮುಖ್ಯ ದಾರಿ. ಫ್ರಾನ್ಸಿನ ಲಿಯಾನ್‌ನಲ್ಲಿ ಜಾನ್ ಪಾಪಿಯೋನ್‌ರಂಥ ಕೆಲವರು ವಿಕಿರಣದಿಂದಲೇ ಇದನ್ನು ಗುಣಪಡಿಸಬಹುದು ಎಂದು ತೋರಿಸುತ್ತಿದ್ದರೂ ಶಸ್ತ್ರವೈದ್ಯರು ಕತ್ತರಿ ಕೆಳಗಿಡಲು ಸಿದ್ಧರಿರಲಿಲ್ಲ.

ಕತ್ತರಿ ಕೆಳಗಿಡಿಸಿದವನು ಸ್ವತಃ ಒಬ್ಬ ಶಸ್ತ್ರವೈದ್ಯ. ಅಮೆರಿಕದ ಡೆಟ್ರಾಯಿಟ್‌ನ ನಾರ್ಮನ್ ನೈಗ್ರೊ. ಅವನ ಉದ್ದೇಶ ಬಹಳ ಸಣ್ಣದಾಗಿತ್ತು: ಶಸ್ತ್ರಚಿಕಿತ್ಸೆಗೆ ಮುನ್ನ ಗಡ್ಡೆಯನ್ನು ಸ್ವಲ್ಪ ಕುಗ್ಗಿಸಿದರೆ ಕೊಯ್ಯುವುದು ಸುಲಭ. ಅದಕ್ಕಾಗಿ ಮಿತವಾದ ವಿಕಿರಣವನ್ನೂ ಜೊತೆಗೆ ಔಷಧಗಳನ್ನೂ ಕೊಟ್ಟ. 1974ರಲ್ಲಿ ಅವನು ಪ್ರಕಟಿಸಿದ್ದು ಮೂರೇ ಮೂರು ರೋಗಿಗಳ ವರದಿ. ಇಬ್ಬರಿಗೆ ಯೋಜನೆಯಂತೆ ಶಸ್ತ್ರಚಿಕಿತ್ಸೆ ಆಯಿತು. ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಕ್ಯಾನ್ಸರೇ ಇಲ್ಲ! ಮೂರನೆಯ ರೋಗಿ ಶಸ್ತ್ರಚಿಕಿತ್ಸೆ ಬೇಡವೆಂದು ಹಟ ಹಿಡಿದಿದ್ದರು. ಅವರಿಗೂ ರೋಗ ಮರಳಲಿಲ್ಲ. ಇಲ್ಲದ ರೋಗಕ್ಕಾಗಿ ಇಬ್ಬರ ಅಂಗ ತೆಗೆದೆವಲ್ಲ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು.

ಮೂವರ ವರದಿಯನ್ನು ನಂಬಿ ಜಗತ್ತು ಬದಲಾಗುವುದಿಲ್ಲ, ಬದಲಾಗಲೂಬಾರದು. ಬ್ರಿಟನ್ನಿನಲ್ಲಿ 585 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಬರೀ ವಿಕಿರಣ ಪಡೆದವರಿಗಿಂತ ವಿಕಿರಣ ಮತ್ತು ಔಷಧ ಎರಡನ್ನೂ ಪಡೆದವರಲ್ಲಿ ಅದೇ ಜಾಗದಲ್ಲಿ ಚಿಕಿತ್ಸೆ ಸೋಲುವ ಅಪಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಇಂದಿಗೂ ಜಗತ್ತಿನ ಬಹುತೇಕ ಕಡೆ ಫ್ಲೂರೊಯುರಾಸಿಲ್, ಮೈಟೊಮೈಸಿನ್ ಎಂಬ ಎರಡು ಔಷಧ ಮತ್ತು ಐದಾರು ವಾರಗಳ ವಿಕಿರಣ, ಇದೇ ಮೊದಲ ಚಿಕಿತ್ಸೆ. ಚಿಕಿತ್ಸೆಯ ವಾರಗಳು ಸುಲಭವಲ್ಲ. ಚರ್ಮ ಸುಟ್ಟಂತಾಗುತ್ತದೆ, ಭೇದಿ, ಸುಸ್ತು ಇರುತ್ತದೆ. ಮುಗಿದ ಕೂಡಲೇ ಗಡ್ಡೆ ಮಾಯವಾಗದಿದ್ದರೆ ಗಾಬರಿಯಾಗಿ ಶಸ್ತ್ರಚಿಕಿತ್ಸೆಗೆ ಓಡಬೇಕಿಲ್ಲ, ಆರು ತಿಂಗಳವರೆಗೂ ಅದು ಕರಗುತ್ತಿರುತ್ತದೆ ಎಂಬುದೂ ಆಮೇಲಿನ ಅಧ್ಯಯನಗಳಿಂದ ತಿಳಿದಿದೆ. ಮೈಲ್ಸ್‌ನ ಶಸ್ತ್ರಚಿಕಿತ್ಸೆ ಈಗ ಮುಖ್ಯವಾಗಿ ರೋಗ ಉಳಿದವರಿಗೆ, ಮರಳಿದವರಿಗೆ. ಬೇಗ ಪತ್ತೆಯಾದವರಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಚೀಲವೂ ಬೇಕಾಗುವುದಿಲ್ಲ.

ಇನ್ನು ನರಹುಲಿಯ ಮಾತಿಗೆ ಬರೋಣ. 1983ರಲ್ಲಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ತಂಡ ಗರ್ಭಕೊರಳಿನ ಕ್ಯಾನ್ಸರಿನ ಅಂಗಾಂಶದಲ್ಲಿ ಒಂದು ವೈರಸ್ಸನ್ನು ಗುರುತಿಸಿತು. ನರಹುಲಿ ಹುಟ್ಟಿಸುವ ಪ್ಯಾಪಿಲೋಮಾ ವೈರಸ್ಸುಗಳ ಬಳಗದ್ದೇ, 16ನೇ ನಂಬರಿನದು. ಬಳಗ ದೊಡ್ಡದು, ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಯ ಮೇಲೆ ನರಹುಲಿ ಮಾಡುವವು ನಿರುಪದ್ರವಿಗಳು, 16 ಮತ್ತು 18ರಂಥ ಕೆಲವು ಅಪಾಯದವು. ಮುಂದಿನ ವರ್ಷಗಳಲ್ಲಿ ಗುದದ್ವಾರದ ಕ್ಯಾನ್ಸರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಇದೇ ಬಳಗ, ಅದರಲ್ಲೂ ಹೆಚ್ಚಾಗಿ 16ನೆಯದೇ ಸಿಕ್ಕಿತು. ಸುಶ್ರುತ ಹೊರನೋಟದಿಂದ ಪಕ್ಕಪಕ್ಕ ಇಟ್ಟಿದ್ದ ನರಹುಲಿಯೂ ಗುದದ್ವಾರದ ರೋಗವೂ ಹೀಗೆ ವೈರಸ್ಸಿನ ದಾರಿಯಿಂದ ನೆಂಟರಾದವು. ತ್ಸುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು.

ಈ ವೈರಸ್ಸು ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ, ಚರ್ಮಕ್ಕೆ ಚರ್ಮ ತಾಗಿ. ಇಷ್ಟು ಹೇಳಿದೊಡನೆ ರೋಗಿಯ ನಡತೆಯ ಬಗ್ಗೆ ಪಿಸುಮಾತು ಶುರುವಾಗುತ್ತದೆ. ಆದರೆ ಸಂಸಾರ ಮಾಡಿದ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ವೈರಸ್ಸು ತಾಗಿಯೇ ಇರುತ್ತದೆ, ಒಂದೆರಡು ವರ್ಷದಲ್ಲಿ ತಾನಾಗಿ ಹೋಗಿಯೂ ಇರುತ್ತದೆ. ಹೋಗದೆ ವರ್ಷಗಟ್ಟಲೆ ಉಳಿದುಕೊಂಡ ಕೆಲವರಲ್ಲಿ ಮಾತ್ರ ತೊಂದರೆ. ಎಚ್‌ಐವಿ ಇರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು, ಬೀಡಿ ಸಿಗರೇಟು ಸೇದುವವರು, ಗರ್ಭಕೊರಳಿನಲ್ಲಿ ಇದೇ ವೈರಸ್ಸಿನ ತೊಂದರೆ ಆಗಿದ್ದ ಹೆಂಗಸರು, ಪುರುಷರೊಡನೆ ಸಂಪರ್ಕವಿರುವ ಪುರುಷರು, ಇವರಲ್ಲಿ ಅಪಾಯ ಹೆಚ್ಚು. ಆದರೂ ಒಟ್ಟಾರೆ ನೋಡಿದರೆ ಹಲವು ದೇಶಗಳಲ್ಲಿ ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚು. ನಮ್ಮ ದೊಡ್ಡಮ್ಮನಂಥವರನ್ನು ಯಾವ ಪಿಸುಮಾತಿನ ಪಟ್ಟಿಗೆ ಸೇರಿಸುವುದು?

ಎಚ್‌ಐವಿಯ ಸಂಗತಿಗೆ ನಮ್ಮಲ್ಲಿ ವಿಶೇಷ ಮಹತ್ವ ಇದೆ. 2004ರಿಂದ ಸರ್ಕಾರ ಉಚಿತ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿದ ಮೇಲೆ ಆ ರೋಗಿಗಳು ವಯಸ್ಸಾಗುವವರೆಗೆ ಬದುಕುತ್ತಿದ್ದಾರೆ. ನಿಧಾನಕ್ಕೆ ಬೆಳೆಯುವ ಕ್ಯಾನ್ಸರಿಗೂ ಆಗ ಸಮಯ ಸಿಗುತ್ತದೆ. ಅಮೆರಿಕದಲ್ಲಿ 35 ದಾಟಿದ, ಎಚ್‌ಐವಿ ಇರುವ 4,446 ಮಂದಿಯನ್ನು ಒಳಗೊಂಡ 'ಆಂಕರ್' ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಕ್ಯಾನ್ಸರಾಗುವ ಮೊದಲಿನ ಹಂತದ ಕಲೆಗಳನ್ನು ಗುರುತಿಸಿ ಸುಟ್ಟು ತೆಗೆದರೆ ರೋಗ ಬರುವುದು ಶೇ 57ರಷ್ಟು ಕಡಿಮೆಯಾಯಿತು. ಬರುವ ಮುನ್ನವೇ ತಡೆಯಬಹುದು ಎಂಬುದಕ್ಕೆ ಇದು ಗಟ್ಟಿ ಪುರಾವೆ.

ಇನ್ನೂ ಹಿಂದಕ್ಕೆ ಹೋಗಿ ತಡೆಯುವುದು ಲಸಿಕೆ. 2006ರಲ್ಲಿ ಅಮೆರಿಕ ಗರ್ಭಕೊರಳಿನ ಕ್ಯಾನ್ಸರಿಗಾಗಿ ಇದಕ್ಕೆ ಒಪ್ಪಿಗೆ ಕೊಟ್ಟಿತು. 2010ರಲ್ಲಿ ಗುದದ್ವಾರದ ಕ್ಯಾನ್ಸರ್ ತಡೆಗೂ, ಗಂಡು ಹೆಣ್ಣು ಇಬ್ಬರಿಗೂ, ಒಪ್ಪಿಗೆ ಸಿಕ್ಕಿತು. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ, 2013ರಲ್ಲಿ ಹುಡುಗರಿಗೂ ಶಾಲೆಯಲ್ಲೇ ಹಾಕಿಸತೊಡಗಿತು. ಭಾರತದ ಮಾರುಕಟ್ಟೆಗೆ ಇದು 2008ರಲ್ಲೇ ಬಂದರೂ ಬೆಲೆ ಕೇಳಿಯೇ ಜನ ಹಿಂದೆ ಸರಿಯುತ್ತಿದ್ದರು. ಪುಣೆಯ ಸೀರಂ ಸಂಸ್ಥೆಯ 'ಸರ್ವಾವ್ಯಾಕ್' 2023ರಲ್ಲಿ ಬಿಡುಗಡೆಯಾದ ಮೇಲೆ ದೇಶದಲ್ಲೇ ತಯಾರಾದ ಲಸಿಕೆಯೂ ಸಿಗುವಂತಾಯಿತು. ವೈರಸ್ಸು ತಾಗುವ ಮೊದಲು, 9ರಿಂದ 14ರ ವಯಸ್ಸಿನಲ್ಲಿ ಕೊಟ್ಟರೆ ಅದರ ಫಲ ಹೆಚ್ಚು. ನಮ್ಮಲ್ಲಿ ಇದನ್ನು 'ಹೆಣ್ಣುಮಕ್ಕಳ ಲಸಿಕೆ' ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಗಂಡುಮಕ್ಕಳ ತಂದೆತಾಯಿಗಳು ಮಕ್ಕಳ ಡಾಕ್ಟರನ್ನು ಒಮ್ಮೆ ಕೇಳಿ ನೋಡಬಹುದು. ಆಗಲೇ ಬಂದಿರುವ ಕ್ಯಾನ್ಸರನ್ನು ಮಾತ್ರ ಲಸಿಕೆ ಗುಣಪಡಿಸುವುದಿಲ್ಲ.

ಕರ್ನಾಟಕದಲ್ಲಿ ಈ ರೋಗಿಗಳ ದಾರಿ ಬಹುತೇಕ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯತ್ತ ಹೋಗುತ್ತಿತ್ತು. 1973ರಲ್ಲಿ ಆರಂಭವಾದ ಈ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. 1980ರ ದಶಕದ ಆರಂಭದಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿಯನ್ನೂ ಇಟ್ಟುಕೊಂಡು ಬಂದಿದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದರಿಂದ ಪರೀಕ್ಷೆಗಾಗಿ ದೂರ ಹೋಗಬೇಕಿಲ್ಲ. ಬಿಪಿಎಲ್ ಕಾರ್ಡಿನವರಿಗೆ 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಗೆ ನೆರವು ಉಂಟು. ಆದರೆ ವಾರಕ್ಕೆ ಐದು ದಿನದಂತೆ ಐದಾರು ವಾರದ ವಿಕಿರಣ ಎಂದರೆ ಹಳ್ಳಿಯ ಮನೆಗೆ ಅದು ಬರೀ ಚಿಕಿತ್ಸೆಯ ಖರ್ಚಿನ ಮಾತಲ್ಲ. ಜೊತೆಗಿರುವವರು ಯಾರು, ಹಾಲು ಕರೆಯುವವರು ಯಾರು, ತೆಂಗಿನಕಾಯಿ ಕೆಡವಿಸುವವರು ಯಾರು ಎಂಬ ಲೆಕ್ಕವೂ ಅದರೊಳಗೆ ಬರುತ್ತದೆ.

1954ರಷ್ಟು ಹಿಂದೆಯೇ ಬಂದ ಕೇಂದ್ರದ ಕಾನೂನೊಂದು ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಹಾಕುವುದನ್ನು ನಿಷೇಧಿಸಿದೆ. ಗೋಡೆಬರಹದವರು ಕ್ಯಾನ್ಸರ್ ಎಂದು ಬರೆಯುವುದೂ ಇಲ್ಲ. ಬರೆಯುವುದು ಮೂಲವ್ಯಾಧಿ ಎಂದೇ. ಅದನ್ನು ಓದಿ ಒಳಗೆ ಹೋಗುವವರಲ್ಲಿ ಯಾರಿಗೆ ಯಾವುದಿದೆ ಎಂಬುದು ಗೋಡೆಗೆ ಗೊತ್ತಿಲ್ಲ.

ರಕ್ತದ ಬಣ್ಣ ನೋಡಿ ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಎರಡು ಮೂರು ವಾರ ಕಳೆದರೂ ನಿಲ್ಲದ ರಕ್ತ, ವಾಸಿಯಾಗದ ಹುಣ್ಣು, ಗಟ್ಟಿ ಗಂಟು, ತೊಡೆಸಂದಿಯ ಗಡ್ಡೆ ಇದ್ದವರು ಡಾಕ್ಟರಿಗೆ ಹೇಳಬೇಕಾದದ್ದು 'ಮೂಲವ್ಯಾಧಿಗೆ ಮಾತ್ರೆ ಕೊಡಿ' ಎಂದಲ್ಲ, 'ಪರೀಕ್ಷೆ ಮಾಡಿ ನೋಡಿ' ಎಂದು. ಕೈಗವಸು ಹಾಕಿದ ಬೆರಳಿನ ಪರೀಕ್ಷೆ, ಆ ಪುಟ್ಟ ನಳಿಕೆ, ಅನುಮಾನವಿದ್ದರೆ ಚೂರು ಮಾಂಸ ತೆಗೆದು ಬಯಾಪ್ಸಿ. ಮೊದಲೆರಡಕ್ಕೆ ಕೆಲವೇ ನಿಮಿಷ ಸಾಕು. ಹೆಂಗಸರು ಲೇಡಿ ಡಾಕ್ಟರೇ ಬೇಕೆಂದರೆ ಕೇಳಬಹುದು, ಜೊತೆಗೆ ನರ್ಸ್ ಇರಲಿ ಎಂದೂ ಕೇಳಬಹುದು.

ನಮ್ಮ ದೊಡ್ಡಮ್ಮನಿಗೆ ಬೆಂಗಳೂರಿನಲ್ಲಿ ವಿಕಿರಣವೂ ಔಷಧವೂ ಆದವು. ತಡವಾಗಿದ್ದರಿಂದ ತೊಡೆಸಂದಿಗೂ ವಿಕಿರಣ ಕೊಡಬೇಕಾಯಿತು. ಚೀಲ ಬೇಕಾಗಲಿಲ್ಲ. ಊರಿಗೆ ಮರಳಿದ ಮೇಲೆ ಏನಾಗಿತ್ತು ಎಂದು ಕೇಳಿದವರಿಗೆ ಮೊದಮೊದಲು 'ಹೊಟ್ಟೆಯಲ್ಲಿ ಗಡ್ಡೆ' ಎಂದೇ ಹೇಳುತ್ತಿದ್ದರು. ಒಂದು ದಿನ ಕೇರಿಯ ಹೆಂಗಸೊಬ್ಬರು ಬಂದು ಹಿತ್ತಲಿನಲ್ಲಿ ಕುಳಿತು, ತನಗೂ ಆರು ತಿಂಗಳಿಂದ ರಕ್ತ ಬೀಳುತ್ತಿದೆ, ಪುಡಿ ತಿನ್ನುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದರಂತೆ. ಅವರನ್ನು ಹಾಸನದ ಬಸ್ಸು ಹತ್ತಿಸಿ ಜೊತೆಗೆ ಹೋದವರು ದೊಡ್ಡಮ್ಮನೇ. ಆ ಹೆಂಗಸಿಗೆ ಇದ್ದದ್ದು ಮೂಲವ್ಯಾಧಿಯೇ. ಡಾಕ್ಟರು ನೋಡಿ, ಮಜ್ಜಿಗೆ ಕುಡಿಯಿರಿ ಎಂದು ಹೇಳಿ ಕಳುಹಿಸಿದರು.